ಹುಣಸೆಮರದ ಸೈಕಲ್ಲು

ಶಿರಾ ರಸ್ತೆಯಲ್ಲಿ ಚೌಡಣ್ಣನದೊಂದು ಪಂಕ್ಚರ್ ಅಂಗಡಿ. ಬೋರ್ಡು ಗೀರ್ಡು ಇಲ್ಲ. ಹುಣಸೆಮರಕ್ಕೆ ನೇತುಹಾಕಿದ ಹಳೇ ಟೈರು ಕಂಡರೆ ಸಾಕು, ಯಾವ ಊರಿನ ಡ್ರೈವರಾದರೂ ಬ್ರೇಕು ಒತ್ತುತ್ತಿದ್ದ.

ಒಂದು ದಿನ ಹೆಲ್ತ್ ಇನ್‌ಸ್ಪೆಕ್ಟರ್ ಸಾಹೇಬರು ಜೀಪಿನಿಂದ ಇಳಿದವರೇ ಗುಡುಗಿದರು: "ಹಳೇ ಟೈರಲ್ಲಿ ನೀರು ನಿಲ್ಲುತ್ತೆ, ಸೊಳ್ಳೆ ಹುಟ್ಟುತ್ತೆ. ಗಾಡಿಯಲ್ಲಿಲ್ಲದ ಹಳೇ ಟೈರೆಲ್ಲ ಕಸ ಅಂತ ರೂಲ್ಸಿದೆ. ಒಂದು ಕಂಡರೂ ಅಂಗಡಿಗೆ ಬೀಗ!"

ಚೌಡಣ್ಣ ಟೈರುಗಳನ್ನೆಲ್ಲ ಗುಜರಿ ಲಾರಿಗೆ ಹಾಕಿ ಕಳಿಸಿದ. ಮರ ಬರಿದಾಯಿತು. ಸಂಜೆತನಕ ಒಂದು ಗಾಡಿಯೂ ನಿಲ್ಲಲಿಲ್ಲ.

ಮರುದಿನ ಸಾಹೇಬರು ಬಂದು ನೋಡಿದರೆ ಕೊಂಬೆಯಲ್ಲಿ ಚೌಡಣ್ಣನ ಸೈಕಲ್ಲೇ ನೇತಾಡುತ್ತಿದೆ!

"ಏನಯ್ಯಾ ಇದು?"

"ಗಾಡಿ, ಸ್ವಾಮಿ. ಟೈರು ಗಾಡೀಲೇ ಐತೆ."

"ಗಾಡಿ ಮರದ ಮೇಲೆ ಯಾಕೆ?"

"ರಸ್ತೆ ಬದಿ ನಿಲ್ಲಿಸಬ್ಯಾಡ ಅಂತ ಪೊಲೀಸ್ನೋರು ಹೇಳವ್ರೆ."

ಸಾಹೇಬರು ಸೋಲಲಿಲ್ಲ. "ಮಳೆ ಬಂದ್ರೆ ಈ ಟೈರಲ್ಲೂ ನೀರು ನಿಲ್ಲಲ್ವೇನಯ್ಯಾ?"

"ಭರ್ತಿ ಗಾಳಿ ತುಂಬಿವ್ನಿ ಸ್ವಾಮಿ. ನೀರಿಗೆ ಜಾಗ ಎಲ್ಲೈತೆ?"

ಸಾಹೇಬರ ಬಿಗಿದ ಮುಖ ಸಡಿಲವಾಯಿತು. ತಡೆಯಲಾರದೆ ನಕ್ಕೇಬಿಟ್ಟರು. ಅಷ್ಟರಲ್ಲಿ ಹಿಂದೆ ಲಾರಿಯೊಂದು ಕಿರ್ರನೆ ಬ್ರೇಕು ಹಾಕಿ ನಿಂತಿತು. ಚೌಡಣ್ಣ ಉಸ್ಸಪ್ಪಾ ಎಂದು ಜಾಕು ಎತ್ತಿಕೊಂಡ.