ಇಕ್ಕಟ್ಟಿನ ದಾರಿಗೆ ಬಿದ್ದ ಸುಂಕ

ಎರಡು ಬೆಟ್ಟಗಳ ಬುಡದ ಒಂದು ಕಾಡಿನಲ್ಲಿ ಬೆಳಗಾಯಿತೆಂದರೆ ಸಾಕು, ತಳ್ಳಾಟ ಶುರುವಾಗುತ್ತಿತ್ತು. ಪ್ರಾಣಿಗಳೆಲ್ಲ ವಾಸವಿದ್ದದ್ದು ಬೆಟ್ಟಗಳ ಈಚೆಗೆ. ಕುಡಿಯುವ ನೀರಿನ ಕೊಳ, ಹಸಿರು ಹುಲ್ಲು, ಗೆಡ್ಡೆಗೆಣಸು ಎಲ್ಲ ಇದ್ದದ್ದು ಆಚೆಗೆ. ದಾಟುವುದಕ್ಕೆ ಇದ್ದದ್ದು ಬೆಟ್ಟಗಳ ನಡುವಿನ ಒಂದೇ ಒಂದು ಕಣಿವೆ ದಾರಿ. ಅದೂ ಇಕ್ಕಟ್ಟು.

ಇಕ್ಕಟ್ಟಾದರೇನು, ಸಾಲಾಗಿ ನಡೆದಿದ್ದರೆ ಎಲ್ಲರೂ ಹೊತ್ತಿಗೆ ಸರಿಯಾಗಿ ದಾಟಬಹುದಿತ್ತು. ತೊಂದರೆ ಬೇರೆಯೇ ಇತ್ತು. ಕಾಡಿನ ಯಜಮಾನನಾದ ಆನೆ ದಿನವೂ ಎಲ್ಲರಿಗಿಂತ ಮುಂದೆ ಹೊರಡುತ್ತಿತ್ತು. ಕಣಿವೆಯ ನಟ್ಟನಡುವೆ ಒಂದು ಒರಟು ಬಂಡೆ ಇತ್ತು. ಆನೆ ಅದಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಆರಾಮವಾಗಿ ಮೈ ಉಜ್ಜಿಕೊಳ್ಳುತ್ತಿತ್ತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಹಿಂದೆ ಜಿಂಕೆ, ಕಡವೆ, ಹಂದಿ, ಮೊಲ ಒಂದರ ಮೇಲೊಂದು ಬಿದ್ದು ಕಾಯುತ್ತಿದ್ದವು. ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದು ಯಜಮಾನನಿಗೆ ಹೇಳುವವರು ಯಾರು? ಆನೆಗಂತೂ ಹಿಂದಕ್ಕೆ ತಿರುಗಿ ನೋಡುವ ಅಭ್ಯಾಸವೇ ಇರಲಿಲ್ಲ. ಹೀಗಾಗಿ ನೂಕುನುಗ್ಗಲಿಗೆ ಕಾರಣವೇನೆಂದು ಇಡೀ ಕಾಡಿಗೆ ಗೊತ್ತಿತ್ತು, ಆನೆಗೊಂದಕ್ಕೆ ಬಿಟ್ಟು.

ಒಂದು ದಿನ ಈ ತಳ್ಳಾಟದಲ್ಲಿ ಸಿಕ್ಕಿ ಒಂದು ಜಿಂಕೆಮರಿಯ ಕಾಲು ಮುರಿಯಿತು. ಸುದ್ದಿ ತಿಳಿದು ಆನೆ ನಿಜವಾಗಿಯೂ ನೊಂದುಕೊಂಡಿತು. ಎಲ್ಲರನ್ನೂ ಕರೆಸಿ, ಇಷ್ಟೊಂದು ಜನಜಂಗುಳಿ ಯಾಕಾಗುತ್ತದೆ, ಇದಕ್ಕೇನು ದಾರಿ ಎಂದು ಕೇಳಿತು. ಒಬ್ಬರೂ ಬಾಯಿ ಬಿಡಲಿಲ್ಲ. ಮುರಿದ ಕಾಲಿನ ಮರಿಯ ತಾಯಿಯೂ ಬಿಡಲಿಲ್ಲ. ಆಗ ನರಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡಿತು.

"ಕೆಲಸವಿಲ್ಲದವರೂ ಬೆಳಿಗ್ಗೆಯೇ ಬಂದು ನುಗ್ಗುತ್ತಾರೆ, ಆನೆಯಜ್ಜ. ಬೆಳಗಿನ ಹೊತ್ತು ದಾಟುವವರಿಗೆ ಒಂದು ಸುಂಕ ಹಾಕಿಬಿಡಿ. ಮಧ್ಯಾಹ್ನದ ಮೇಲೆ ಬಂದರೆ ಸುಂಕ ಬೇಡ. ದಾರಿ ತಾನಾಗಿಯೇ ಖಾಲಿಯಾಗುತ್ತದೆ."

ಕೇಳುವುದಕ್ಕೆ ಮಾತು ಚೆನ್ನಾಗಿತ್ತು. ಕಾಡುಹಂದಿಗಳು ಮೊದಲು ತಲೆಯಾಡಿಸಿದವು. ಅವುಗಳ ಮನೆಯಲ್ಲಿ ಗೆಣಸಿನ ರಾಶಿಯೇ ಇತ್ತು. ಸುಂಕವೆಂದರೆ ಒಂದು ಹೊತ್ತಿನ ಊಟ ಎಂದು ತೀರ್ಮಾನವಾಯಿತು. ಹಾಗೆ ಸೇರಿದ ಆಹಾರವನ್ನು ಮುದುಕರಿಗೆ, ಕಾಯಿಲೆಯವರಿಗೆ ಹಂಚುವುದಾಗಿ ನರಿ ಹೇಳಿತು. ಯಜಮಾನನಾದ ಆನೆಗೆ ಸುಂಕವಿಲ್ಲ. ಸುಂಕ ವಸೂಲಿ ಮಾಡುವ ನರಿಗೂ ಅದರ ಮನೆಯವರಿಗೂ ಇಲ್ಲ. ಇದನ್ನು ಮಾತ್ರ ನರಿ ಸ್ವಲ್ಪ ಮೆಲ್ಲಗೆ ಹೇಳಿತು.

ಮಾರನೆಯ ದಿನ ಕಣಿವೆಯ ಬಾಯಿಗೆ ಒಂದು ಮರದ ದಿಮ್ಮಿ ಅಡ್ಡ ಬಂತು. ಅದರ ಪಕ್ಕದಲ್ಲಿ ನರಿ ಬಾಲ ಮಡಚಿ ಕುಳಿತಿತು.

ಸುಂಕ ಕೊಡಬೇಕಾದವರಲ್ಲಿ ಮೊದಲು ಅಲ್ಲಿಗೆ ಓಡಿ ಬಂದದ್ದು ಮುಂಗುಸಿ. ಅದರ ಕೆಲಸವೇ ಅಂಥದ್ದು. ಕೊಳದ ದಡದ ಹುಲ್ಲಿನಲ್ಲಿ ಹಾವುಗಳಿದ್ದವು. ಮುಂಗುಸಿ ದಿನವೂ ಕೊಳವನ್ನು ಒಂದು ಸುತ್ತು ಬಂದು, ಹುಲ್ಲೆಲ್ಲ ತಡಕಿ, ಹಾವಿದ್ದರೆ ಓಡಿಸಿ, ಆಮೇಲೆ ಎರಡು ಕಾಲಿನ ಮೇಲೆ ನಿಂತು ಕಿಚಕಿಚ ಎನ್ನುತ್ತಿತ್ತು. ಆ ದನಿ ಕೇಳಿದ ಮೇಲೆಯೇ ತಾಯಂದಿರು ಮರಿಗಳನ್ನು ನೀರಿಗೆ ಇಳಿಸುವುದು ಆ ಕಾಡಿನ ವಾಡಿಕೆ. ಇಷ್ಟು ದಿನ ಆ ನೂಕುನುಗ್ಗಲಿನಲ್ಲೂ ಮುಂಗುಸಿ ಯಾರ್ಯಾರದೋ ಕಾಲ ಸಂದಿಯಲ್ಲಿ ನುಸುಳಿ ಹೊತ್ತಿಗೆ ಸರಿಯಾಗಿ ತಲುಪುತ್ತಿತ್ತು. ಈಗ ದಿಮ್ಮಿ ಅಡ್ಡವಾಯಿತು.

"ನನ್ನದು ಬೆಳಗಿನ ಕೆಲಸ, ನರಿಯಣ್ಣ. ಮಧ್ಯಾಹ್ನದ ಮೇಲೆ ಹೋಗಿ ನಾನೇನು ಮಾಡಲಿ?" ಎಂದಿತು ಮುಂಗುಸಿ.

"ನಿಯಮ ಎಲ್ಲರಿಗೂ ಒಂದೇ, ಅಕ್ಕ. ನಿನ್ನೊಬ್ಬಳನ್ನು ಬಿಟ್ಟರೆ ನಾಳೆ ಎಲ್ಲರೂ ಬಿಡು ಅನ್ನುತ್ತಾರೆ" ಎಂದಿತು ನರಿ. ಎಲ್ಲರಿಗೂ ಒಂದೇ ಎನ್ನುವಾಗ ಅದರ ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಮುಂಗುಸಿಗೆ ಬಿಲದಲ್ಲಿ ಮೂರು ಮರಿಗಳಿದ್ದವು. ಅದು ನಾಲ್ಕು ದಿನ ಮರಿಗಳ ಊಟವನ್ನೇ ತಂದು ಸುಂಕಕ್ಕಿಟ್ಟಿತು. ಐದನೆಯ ದಿನ ಕೊನೆಯ ಮರಿಗೆ ಏಳಲು ಶಕ್ತಿಯಿರಲಿಲ್ಲ. ಅಂದಿನಿಂದ ಮುಂಗುಸಿ ಕಣಿವೆಯ ಕಡೆ ಬರಲಿಲ್ಲ. ಬೆಟ್ಟದ ಮೇಲಿನ ಮುಳ್ಳಿನ ಪೊದೆಗಳಲ್ಲಿ ದಾರಿ ಮಾಡಿಕೊಂಡು ಹೊರಟಿತು. ಅದರ ಹಿಂದೆ ಮೊಲಗಳು ಹೊರಟವು, ಜಿಂಕೆಗಳು ಹೊರಟವು. ಮಧ್ಯಾಹ್ನದವರೆಗೆ ನೀರಿಲ್ಲದೆ ಕಾಯಲು ಅವುಗಳಿಗೆ ಆಗುತ್ತಿರಲಿಲ್ಲ. ಸುತ್ತು ಬಳಸಿ, ಮೈಯೆಲ್ಲ ಗೀರಿಕೊಂಡು ಕೊಳ ಮುಟ್ಟುವಾಗ ಹೊತ್ತು ಏರಿರುತ್ತಿತ್ತು. ಅಲ್ಲಿಯವರೆಗೂ ಮರಿಗಳು ಬಾಯಾರಿ ಅಳುತ್ತಿದ್ದವು.

ಇತ್ತ ಕಣಿವೆ ದಾರಿ ಭಣಭಣ ಎನ್ನುತ್ತಿತ್ತು. ಆನೆ ಬಂಡೆಗೆ ಮೈ ಉಜ್ಜಿಕೊಂಡು, ಹಂದಿಗಳು ಹೊಟ್ಟೆ ಕುಣಿಸಿಕೊಂಡು ನೆಮ್ಮದಿಯಾಗಿ ಓಡಾಡಿದವು. ನರಿಯ ಉಪಾಯ ಫಲಿಸಿತೆಂದು ಆನೆ ಹೊಗಳಿತು. ಮುದುಕರ ಹೆಸರಿನಲ್ಲಿ ಕೂಡಿದ ಆಹಾರ ನರಿಯ ಗುಹೆ ಸೇರಿತು. ನರಿಯ ಮೈ ತುಂಬಿಕೊಂಡಿತು.

ಒಂದು ಬೆಳಿಗ್ಗೆ ನರಿಯ ಹೆಂಡತಿ ತನ್ನ ಪುಟ್ಟ ಮಗಳನ್ನು ಕರೆದುಕೊಂಡು ಕೊಳಕ್ಕೆ ಹೊರಟಿತು. ಅವರಿಗೆ ಸುಂಕವಿಲ್ಲ, ದಾರಿಯಲ್ಲಿ ಯಾರೂ ಇಲ್ಲ, ಅಂದು ಆನೆಯೂ ಇನ್ನೂ ಹೊರಟಿರಲಿಲ್ಲ. ಎಂದೂ ಇಲ್ಲದಷ್ಟು ಬೇಗ ತಲುಪಿದರು. ಕೊಳದ ಹತ್ತಿರವೂ ಯಾರೂ ಇರಲಿಲ್ಲ. ಖಾಲಿ ದಡ ಕಂಡ ಖುಷಿಗೆ ಮರಿ ತಾಯಿಯ ಕೈ ತಪ್ಪಿಸಿ ನೀರಿನ ಕಡೆ ಓಡಿತು. ಹುಲ್ಲಿನಿಂದ ಒಂದು ನಾಗರಹಾವು ಬುಸ್ಸೆಂದು ಹೆಡೆ ಎತ್ತಿತು. ಮರಿಗೆ ಹಿಂದೆ ಸರಿಯಲೂ ಆಗಲಿಲ್ಲ, ಕೂಗಲೂ ಆಗಲಿಲ್ಲ.

ಅದೇ ಹೊತ್ತಿಗೆ ಮುಂಗುಸಿ ಮುಳ್ಳಿನ ಪೊದೆಯಿಂದ ಹೊರಗೆ ಬಂತು. ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ಕಾಲಿನಲ್ಲಿ ರಕ್ತ ಸುರಿಯುತ್ತಿತ್ತು. ಅದು ಯಾರ ಮರಿ ಎಂದು ನೋಡಲಿಲ್ಲ. ನೆಗೆದು ಹಾವಿಗೂ ಮರಿಗೂ ನಡುವೆ ನಿಂತಿತು. ಒಂದೇ ಕಣ್ಣಿನಲ್ಲಿ ಹಾವಿನ ಹೊಡೆತ ತಪ್ಪಿಸಿಕೊಳ್ಳುತ್ತ ಬಹಳ ಹೊತ್ತು ಕಾದಾಡಿತು. ಕೊನೆಗೆ ಹಾವು ಸೋತು ಪೊದೆಯೊಳಗೆ ಸರಿದುಹೋಯಿತು.

ಹೆಂಡತಿಯ ಊಳು ಕೇಳಿ ನರಿ ಓಡಿ ಬಂತು. ಮಗಳನ್ನು ಮೂಸಿ ನೋಡಿತು. ಎಲ್ಲೂ ಕಚ್ಚಿರಲಿಲ್ಲ. ಭಯದಲ್ಲಿ ಅದರ ಬಾಯಿಗೆ ಬಂದ ಮೊದಲ ಮಾತು ಬಯ್ಗಳವೇ. ಇಷ್ಟು ತಡವಾಗಿ ಯಾಕೆ ಬಂದೆ ಎಂದು ಮುಂಗುಸಿಯನ್ನು ಗದರಿತು.

ಮುಂಗುಸಿ ಕಾಲಿನ ಮುಳ್ಳನ್ನು ಹಲ್ಲಿನಿಂದ ಕೀಳುತ್ತಿತ್ತು. "ಸುತ್ತು ದಾರಿಯಲ್ಲಿ ಬಂದೆ, ನರಿಯಣ್ಣ. ಸುಂಕ ಕೊಟ್ಟರೆ ನನ್ನ ಮಕ್ಕಳು ಉಪವಾಸ ಬೀಳುತ್ತವೆ" ಎಂದಿತು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ, ಮಗು ಹೆದರಿದೆ, ಮೊದಲು ಒಂದು ಗುಟುಕು ನೀರು ಕುಡಿಸು ಎಂದಿತು.

ನರಿಗೆ ನಾಚಿಕೆಯಾಯಿತು. ಸಿಕ್ಕಿಬಿದ್ದಾಗ ಆಗುವ ನಾಚಿಕೆಯಲ್ಲ ಅದು. ಅಂಥದ್ದು ನರಿಗೆ ಎಷ್ಟೋ ಸಲ ಆಗಿ ಹೋಗಿತ್ತು. ಇದು ಒಳಗೆ ಸುಡುವಂಥದ್ದು. ಮುಂಗುಸಿ ನಾಲ್ಕು ಮಾತು ಬೈದಿದ್ದರೂ ಹಗುರವಾಗುತ್ತಿತ್ತು.

ಗದ್ದಲ ಕೇಳಿ ಆನೆ ಬಂತು. ಮುಳ್ಳುದಾರಿಯಿಂದ ಇಳಿದ ಜಿಂಕೆ, ಮೊಲಗಳೂ ಸೇರಿದವು. ಎಲ್ಲರ ಮೈಯ ಮೇಲಿನ ಗಾಯ ನೋಡಿ ಆನೆ, ಇದೇನು, ನೂಕುನುಗ್ಗಲು ನಿಂತಿತೆಂದು ತಿಳಿದಿದ್ದೆನಲ್ಲ ಎಂದು ಕೇಳಿತು. ಸುಳ್ಳು ಹೇಳುವುದು ನರಿಗೆ ಕಷ್ಟವೇನಲ್ಲ. ಆ ದಿನ ಮಾತ್ರ ಅದಕ್ಕೆ ಆಗಲಿಲ್ಲ.

"ನಿಂತಿಲ್ಲ, ಅಜ್ಜ. ನಿಮ್ಮ ಕಣ್ಣಿಗೆ ಬೀಳದ ದಾರಿಗೆ ನಾನು ಅದನ್ನು ಅಟ್ಟಿದೆ. ಮೊದಲು ನೂಕುನುಗ್ಗಲಾಗುತ್ತಿದ್ದದ್ದೂ ಇವರಿಂದಲ್ಲ. ನೀವು ಕಣಿವೆಯ ನಡುವೆ ನಿಂತು ಬೆನ್ನು ಉಜ್ಜಿಕೊಳ್ಳುತ್ತೀರಿ. ನಿಮ್ಮ ಹಿಂದೆ ಕಾಡೇ ನಿಂತಿರುತ್ತಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಂಕ ಹಾಕಿಸಿದೆ. ಮುದುಕರಿಗೆ ಒಂದು ಗೆಣಸನ್ನೂ ಕೊಟ್ಟಿಲ್ಲ."

ಆನೆ ಸುತ್ತಲೂ ನೋಡಿತು. ಇದು ನಿಜವೇ ಎಂದು ಕೇಳಿತು. ಜಿಂಕೆ ನೆಲ ನೋಡಿತು. ಕಡವೆಯೂ ನೆಲ ನೋಡಿತು. ಗೊತ್ತಿದ್ದೂ ಸುಮ್ಮನಿದ್ದ ನಾಚಿಕೆ ಅವುಗಳದ್ದು. ಕುಂಟುತ್ತಿದ್ದ ಆ ಜಿಂಕೆಮರಿ ಅಲ್ಲೇ ತಾಯಿಯ ಪಕ್ಕದಲ್ಲಿತ್ತು. ಆನೆಯ ಕಿವಿಗಳು ಜೋತುಬಿದ್ದವು. ಅಷ್ಟು ದೊಡ್ಡ ಮೈಯನ್ನು ಎಲ್ಲಿ ಬಚ್ಚಿಡುವುದೆಂದು ಅದಕ್ಕೆ ತಿಳಿಯಲಿಲ್ಲ. ಮರಿಯ ತಾಯಿಯ ಕಡೆ ತಿರುಗಿ, ತಪ್ಪು ನನ್ನದಮ್ಮ ಎಂದಿತು.

ಅಂದೇ ದಿಮ್ಮಿಯನ್ನು ಆನೆ ತಾನೇ ಎತ್ತಿ ಎಸೆಯಿತು. ಇನ್ನು ಮೇಲೆ ತಾನು ಎಲ್ಲರೂ ದಾಟಿದ ಮೇಲೆ ದಾಟುವುದಾಗಿ ಹೇಳಿತು. ಕೂಡಿಟ್ಟ ಆಹಾರವನ್ನು ಯಾರ್ಯಾರದೋ ಅವರವರ ಮನೆಗೆ ಹೊತ್ತು ಮುಟ್ಟಿಸಬೇಕೆಂದು ನರಿಗೆ ಅಪ್ಪಣೆಯಾಯಿತು.

ನರಿ ಮನೆಮನೆ ತಿರುಗಿತು. ಕೆಲವರು ಮುಖ ತಿರುಗಿಸಿದರು, ಕೆಲವರು ನಕ್ಕರು. ಕೊನೆಗೆ ಮುಂಗುಸಿಯ ಬಿಲಕ್ಕೆ ಬಂತು. ಮೂರು ಮರಿಗಳು ಹೊರಗೆ ಬಂದು ತಂದದ್ದನ್ನು ಗಬಗಬ ತಿನ್ನತೊಡಗಿದವು. ಎಲ್ಲಕ್ಕಿಂತ ಚಿಕ್ಕದು, ಈ ಮಾಮ ಯಾರಮ್ಮ, ಇಷ್ಟು ಒಳ್ಳೆಯವನು ಎಂದು ಕೇಳಿತು.

ಮುಂಗುಸಿ ಉತ್ತರ ಹೇಳಲು ಮುಖ ಎತ್ತಿತು. ಅದು ಬಾಯಿ ತೆರೆದಿದ್ದರೆ ಏನಾದರೊಂದು ಒಳ್ಳೆಯ ಮಾತನ್ನೇ ಆಡಿ ನರಿಯ ಮಾನ ಉಳಿಸುತ್ತಿತ್ತು. ನರಿಗೆ ಅದು ಬೇಡವಾಯಿತು.

"ನಿಮ್ಮಮ್ಮನನ್ನು ಮುಳ್ಳಿನ ಮೇಲೆ ನಡೆಸಿದವನು ನಾನೇ, ಮಗು. ಇದು ನಿಮ್ಮದೇ ಊಟ" ಎಂದಿತು.

ಮರಿ ತಿನ್ನುವುದನ್ನು ನಿಲ್ಲಿಸಿ ಅಮ್ಮನ ಹಿಂದೆ ಸರಿದು ನಿಂತಿತು. ನರಿ ತಲೆ ತಗ್ಗಿಸಿಕೊಂಡು ಅಲ್ಲಿಂದ ಹೊರಟುಹೋಯಿತು.

ನೀತಿ: ದಾರಿಗೆ ಅಡ್ಡ ನಿಂತ ದೊಡ್ಡವರನ್ನು ಪ್ರಶ್ನಿಸದೆ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಲೇಬೇಕಾದ ಸಣ್ಣವರ ಮೇಲೆ ಭಾರ ಹೊರಿಸಬಾರದು. ಅವರ ಕಷ್ಟ ನಮಗೆ ಕಾಣಿಸುತ್ತಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲವೆಂದಲ್ಲ.