ಈಚೆ ಎಂಟು, ಆಚೆ ಎಂಟು

"ಗುರುಗಳೇ, ಸಭೆಯಲ್ಲಿ ಒಬ್ಬರೂ ಬೇಡ ಅನ್ನದಿದ್ದರೆ ಆ ತೀರ್ಮಾನ ನ್ಯಾಯವೇ ತಾನೆ?" ಎಂದು ಶಿಷ್ಯ ಕೇಳಿದ. ಅವನು ಒಂದು ಕಾಲಕ್ಕೆ ಈ ಗುರುವಿನ ಬಳಿ ಬಾಸ್ಕೆಟ್‌ಬಾಲ್ ಕಲಿತವನು, ಈಗ ಲೀಗಿನ ಕಾರ್ಯದರ್ಶಿ. ಲೀಗಿಗೆ ಹೊಸ ತಂಡಗಳು ಸೇರಿದ್ದರಿಂದ ಒಂದು ಹಳೆಯ ತಂಡ ತನ್ನ ವಿಭಾಗ ಬಿಡಬೇಕಾಗಿತ್ತು. ಅದರ ಹೆಸರು ಬರೆದ ಪಟ್ಟಿ ಅವನ ಕೈಯಲ್ಲಿತ್ತು. ಸಹಿ ಹಾಕುವುದೊಂದೇ ಬಾಕಿ.

ಗುರು ಪಟ್ಟಿಯ ಕಡೆ ನೋಡಲಿಲ್ಲ. ಕತೆ ಹೇಳಿದರು.

"ಒಂದು ನಾಡಿನಲ್ಲಿ ಹದಿನಾಲ್ಕು ತಂಡಗಳಿದ್ದವು. ಪಶ್ಚಿಮ ವಿಭಾಗದಲ್ಲಿ ಏಳು, ಪೂರ್ವದಲ್ಲಿ ಏಳು. ಒಂದು ವಿಭಾಗದವರು ತಮ್ಮತಮ್ಮಲ್ಲೇ ಆಡಬೇಕು, ಆಚೆಯವರನ್ನು ಫೈನಲ್‌ನಲ್ಲಿ ಮಾತ್ರ ಕಾಣಬೇಕು. ಪಶ್ಚಿಮದಲ್ಲಿ ಒಂದು ಹೊಳೆ. ಈ ದಡದಲ್ಲಿ ಸಣ್ಣ ಊರು, ಆ ದಡದಲ್ಲಿ ದೊಡ್ಡ ಊರು. ಎರಡಕ್ಕೂ ತಂಡವಿತ್ತು. ವರ್ಷಕ್ಕೊಮ್ಮೆ ಆ ಎರಡು ಊರುಗಳ ನಡುವೆ ಪಂದ್ಯ. ಸೋತ ಊರು ಗೆದ್ದ ಊರಿನವರನ್ನು ಕೂರಿಸಿ ಊಟ ಬಡಿಸಬೇಕು, ಅದು ಪದ್ಧತಿ. ಸಣ್ಣ ಊರು ಹನ್ನೊಂದು ವರ್ಷ ಸೋತಿತ್ತು, ಹನ್ನೊಂದು ವರ್ಷ ಬಡಿಸಿತ್ತು. ಹನ್ನೆರಡನೆಯ ವರ್ಷಕ್ಕೆ ಅವರ ಹುಡುಗರು ಬಲಿತರು. ಈ ಸಲ ಉಣ್ಣುವವರು ನಾವೇ ಎಂದು ಊರಿಗೆ ಊರೇ ಕಾಯುತ್ತಿತ್ತು.

"ಅಷ್ಟರಲ್ಲಿ ಪಶ್ಚಿಮಕ್ಕೆ ಎರಡು ಹೊಸ ತಂಡಗಳು ಬಂದವು. ಅಲ್ಲಿ ಒಂಬತ್ತಾಯಿತು. ಒಂದನ್ನು ಪೂರ್ವಕ್ಕೆ ಕಳಿಸಬೇಕು. ಲೀಗಿನ ಅಧಿಕಾರಿ ಸಭೆ ಕರೆದು ಭೂಪಟದ ಮೇಲೆ ಗೆರೆ ಎಳೆದ. ಪೂರ್ವಕ್ಕೆ ತೀರ ಹತ್ತಿರವಿದ್ದ ತಂಡದ ಒಡೆಯ ಮೇಜು ಗುದ್ದಿದ. ಗೆರೆ ಸರಿಯಿತು. ಅದರ ಪಕ್ಕದ ತಂಡದ ಒಡೆಯ ಮಂತ್ರಿಗೆ ಬೇಕಾದವನು. ಗೆರೆ ಅವನ ಊರನ್ನೂ ಸುತ್ತಿಕೊಂಡು ಹೋಯಿತು. ಎಂಥ ನಾಚಿಕೆಗೆಟ್ಟ ಗೆರೆಯಯ್ಯಾ ಅದು! ಕೊನೆಗೆ ಸಣ್ಣ ಊರಿನ ಮೇಲೆ ಬಂದು ನಿಂತಿತು. ಯಾರೂ ಬೇಡ ಅನ್ನಲಿಲ್ಲ. ಅನ್ನಬೇಕಾದ ಆ ಊರಿನ ತರಬೇತುದಾರ ಆ ಹೊತ್ತಿನಲ್ಲಿ ತಂಡದ ಬಸ್ಸನ್ನು ತಾನೇ ಓಡಿಸಿಕೊಂಡು ದೂರದ ಪಂದ್ಯಕ್ಕೆ ಹೋಗುತ್ತಿದ್ದ. ಆ ಪಂದ್ಯವನ್ನು ಅದೇ ದಿನಕ್ಕೆ ಗೊತ್ತುಮಾಡಿದವನೂ ಅದೇ ಅಧಿಕಾರಿ. ಹೇಳುವಾಗಲೇ ನನ್ನ ಮೈ ಉರಿಯುತ್ತದೆ.

"ಸುದ್ದಿ ತಿಳಿದ ತರಬೇತುದಾರ ಓಡಿ ಬಂದ. 'ಸ್ವಾಮಿ, ಹನ್ನೊಂದು ವರ್ಷ ಬಡಿಸಿದ್ದೇವೆ, ಒಂದು ವರ್ಷ ಉಣ್ಣಲಿಕ್ಕೆ ಬಿಡಿ. ಸೇತುವೆ ದಾಟಿದರೆ ಸಿಗುವ ಊರನ್ನು ಬಿಟ್ಟು, ಎರಡು ದಿನದ ದಾರಿ ಹೋಗಿ ಗುರುತಿಲ್ಲದವರ ಜೊತೆ ಆಡಬೇಕೇ?' ಎಂದ.

"ಅಧಿಕಾರಿ ಕಾಗದ ತೋರಿಸಿದ. 'ಈಚೆ ಎಂಟು, ಆಚೆ ಎಂಟು. ಇದರಲ್ಲಿ ಅನ್ಯಾಯ ಎಲ್ಲಿದೆ? ಸಭೆಯಲ್ಲಿ ಯಾರೂ ತಕರಾರು ಮಾಡಲಿಲ್ಲವಲ್ಲ!' ಎಂದ.

"ಆ ವರ್ಷ ಹೊಳೆಯ ಯಾವ ದಡದಲ್ಲೂ ಊಟದ ಎಲೆ ಹಾಕಲಿಲ್ಲ. ಆಮೇಲೂ ಹಾಕಲಿಲ್ಲ."

ಶಿಷ್ಯನ ಮುಖ ಕೆಂಪಾಯಿತು. "ಅವನು ಅಧಿಕಾರಿಯೇ ಅಲ್ಲ, ಗುರುಗಳೇ. ಅಂಥವನನ್ನು ಆ ಕುರ್ಚಿಯಿಂದ ಇಳಿಸಬೇಕು!" ಎಂದ.

ಗುರು ಈಗ ಪಟ್ಟಿಗೆ ಕೈ ಚಾಚಿದರು.

"ನೀನು ಆಚೆಗೆ ಕಳಿಸಹೊರಟ ತಂಡದವರು ನಿನ್ನ ಸಭೆಗೆ ಬಂದಿದ್ದರೇನು?"

ಶಿಷ್ಯ ಪಟ್ಟಿ ಕೊಡಲಿಲ್ಲ.