ಪಳಗಿದ ಹೆಲ್ಮೆಟ್ಟು

ಒಂದು ತಾಲ್ಲೂಕು ಊರಿನ ಬಸ್ ಸ್ಟ್ಯಾಂಡ್ ಎದುರಿಗೆ ಅಚ್ಯುತಯ್ಯನವರ ದೋಸೆ ಹೋಟೆಲು ಇತ್ತು. ಗೋಡೆ ಮಸಿ ಹಿಡಿದಿತ್ತು, ಬೆಂಚು ಅಲ್ಲಾಡುತ್ತಿತ್ತು, ಎರಡನೇ ಸಲ ಚಟ್ನಿ ಕೇಳಿದವರಿಗೆ ಅಚ್ಯುತಯ್ಯ ಗೊಣಗಿಕೊಂಡೇ ಹಾಕುತ್ತಿದ್ದರು. ಆದರೂ ಜನ ಮುಗಿಬೀಳುತ್ತಿದ್ದರು. ಕಾರಣ, ಅವರ ಕಾವಲಿ. ಅದು ಅವರ ತಂದೆಯ ಕಾಲದ್ದು. ಬೆಂಕಿ ತಿಂದು, ಎಣ್ಣೆ ಕುಡಿದು, ಕನ್ನಡಿಯ ಹಾಗೆ ನುಣ್ಣಗಾಗಿತ್ತು. ಹಿಟ್ಟು ಹುಯ್ದರೆ ಸಾಕು, ದೋಸೆ ತಾನಾಗಿ ಎದ್ದು ಬರುತ್ತಿತ್ತು.

“ಪಳಗಬೇಕು ಕಣ್ರೀ, ಪಳಗಬೇಕು,” ಎಂದು ಅಚ್ಯುತಯ್ಯ ಸಟ್ಟುಗ ಆಡಿಸುತ್ತಾ ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದರು. “ಹೊಸ ಕಾವಲಿ ದೋಸೇನ ಕಚ್ಚಿ ಹಿಡ್ಕೊಳುತ್ತೆ. ಹಳೇದು ಪ್ರೀತಿಯಿಂದ ಬಿಟ್ಟುಕೊಡುತ್ತೆ. ಉಪ್ಪಿನಕಾಯಿ ಜಾಡಿ ಪಳಗಬೇಕು, ಮೆಟ್ಟು ಪಳಗಬೇಕು, ಮನೆ ಅಳಿಯ ಪಳಗಬೇಕು. ಪಳಗಿದ್ದನ್ನ ಬಿಸಾಕೋನಂಥ ದಡ್ಡ ಈ ಲೋಕದಲ್ಲೇ ಇಲ್ಲ.”

ಮಾತು ಚೆನ್ನಾಗಿದೆ. ಕಾವಲಿಯ ಮಟ್ಟಿಗೆ ನೂರಕ್ಕೆ ನೂರು ನಿಜವೂ ಹೌದು. ಆದರೆ ನಮ್ಮ ಜನರ ಸ್ವಭಾವ ನಿಮಗೆ ಗೊತ್ತಲ್ಲ. ಒಂದು ಕಡೆ ನಿಜವಾದ ಮಾತನ್ನು ಹೋದಲ್ಲೆಲ್ಲ ಹೊತ್ತುಕೊಂಡು ತಿರುಗುತ್ತಾರೆ. ಅಚ್ಯುತಯ್ಯ ಅದನ್ನು ತಲೆಯ ಮೇಲೇ ಹೊತ್ತುಕೊಂಡರು. ಅದು ಹೇಗೆಂದು ಕೇಳಿ.

ಅವರಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ಸೈಕಲ್ ತುಳಿಯಿರಿ ಎಂದರು. ಹೆಂಡತಿ ಪದ್ದಕ್ಕ ಸೈಕಲ್ ಜೊತೆಗೆ ಒಂದು ಹೆಲ್ಮೆಟ್ಟನ್ನೂ ತರಿಸಿದರು.

“ಸೈಕಲ್ಲಿಗೆ ಯಾರೇ ಹೆಲ್ಮೆಟ್ ಹಾಕ್ತಾರೆ?” ಎಂದು ಅಚ್ಯುತಯ್ಯ ನಕ್ಕರು.

“ನಿಮ್ಮಂಥೋರು ಹಾಕ್ಬೇಕು. ನಿಮ್ಮ ಕಣ್ಣು ರಸ್ತೆ ಮೇಲಿರಲ್ಲ. ಯಾವ ಹೋಟೆಲಲ್ಲಿ ಎಷ್ಟು ಜನ ಕೂತಿದಾರೆ ಅಂತ ಎಣಿಸ್ತಾ ಇರುತ್ತೆ,” ಎಂದರು ಪದ್ದಕ್ಕ.

ಆ ಬಾಯಿಗೆ ಸಕ್ಕರೆ ಹಾಕಬೇಕು. ಒಂದು ತಿಂಗಳೊಳಗೇ ಅಚ್ಯುತಯ್ಯ ಎದುರು ಹೋಟೆಲಿನೊಳಗೆ ಇಣುಕುತ್ತಾ ಹೋಗಿ ಒಂದು ಎಮ್ಮೆಗೆ ಗುದ್ದಿ ಮೋರಿಯ ಚಪ್ಪಡಿಯ ಮೇಲೆ ಬಿದ್ದರು. ತಲೆ ಕಲ್ಲಿಗೆ ಠಪ್ಪೆಂದು ಬಡಿಯಿತು. ಎಮ್ಮೆ ತಿರುಗಿಯೂ ನೋಡಲಿಲ್ಲ. ಜನ ಓಡಿಬಂದು ಎತ್ತಿದರು. ನೋಡಿದರೆ, ತಲೆಗೆ ಒಂದು ಗೀರೂ ಇಲ್ಲ. ಹೆಲ್ಮೆಟ್ಟಿನ ಹಿಂಭಾಗದಲ್ಲಿ ಮಾತ್ರ ಸಣ್ಣದೊಂದು ತರಚು.

ಮನೆಯಲ್ಲಿ ಪದ್ದಕ್ಕ ದೃಷ್ಟಿ ತೆಗೆದರು, ಅತ್ತರು, ದೇವರಿಗೆ ತುಪ್ಪದ ದೀಪ ಹಚ್ಚಿದರು. ಆಮೇಲೆ, “ಈ ಹೆಲ್ಮೆಟ್ ಬಿಸಾಕಿ ಬೇರೇದು ತಗೊಳ್ಳಿ,” ಎಂದರು.

“ಬಿಸಾಕೋದಾ!” ಅಚ್ಯುತಯ್ಯನವರಿಗೆ ಬಿದ್ದದ್ದಕ್ಕಿಂತ ಈ ಮಾತೇ ಹೆಚ್ಚು ನೋವಾಯಿತು. “ಏಟು ತಿಂದು ಗಟ್ಟಿಯಾಗಿ ನಿಂತಿದೆಯಲ್ಲೇ ಇದು. ಈಗಿನ್ನೂ ಪಳಗೋದಕ್ಕೆ ಶುರುವಾಗಿದೆ.”

ಅಂದಿನಿಂದ ಹೆಲ್ಮೆಟ್ಟಿಗೆ ಕಾವಲಿಯ ಮರ್ಯಾದೆ ಸಿಕ್ಕಿತು. ಬೆಳಗ್ಗೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಮೊದಲು ಕಾವಲಿಗೆ ಉಜ್ಜುತ್ತಿದ್ದರು, ಆಮೇಲೆ ಅದೇ ಈರುಳ್ಳಿಯಿಂದ ಹೆಲ್ಮೆಟ್ಟಿಗೆ ಉಜ್ಜುತ್ತಿದ್ದರು. ಹೆಲ್ಮೆಟ್ಟು ಮಿರಮಿರ ಮಿಂಚತೊಡಗಿತು. ಅವರು ಸೈಕಲ್ ಏರಿ ಹೊರಟರೆ ಈರುಳ್ಳಿ ದೋಸೆಯೇ ಮೆರವಣಿಗೆ ಹೊರಟಿತೆಂದು ತಿಳಿದು ಬೀದಿನಾಯಿಗಳು ಹಿಂದೆ ಹಿಂದೆ ಬರುತ್ತಿದ್ದವು.

ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಬಿದ್ದರು. ಈ ಸಲ ಕೆರೆ ಏರಿಯ ಇಳಿಜಾರಿನಲ್ಲಿ, ಪುಣ್ಯಕ್ಕೆ ಒಂದು ಹುಲ್ಲಿನ ರಾಶಿಯ ಮೇಲೆ. ಉಳಿಸಿದ್ದು ಹುಲ್ಲು. ಹೆಸರು ಬಂದದ್ದು ಹೆಲ್ಮೆಟ್ಟಿಗೆ. “ನೋಡಿದ್ಯಾ? ಎರಡು ಏಟಿಗೆ ಪಳಗಿದೆ. ಇನ್ನು ಇದನ್ನ ಹಾಕ್ಕೊಂಡು ಬೆಟ್ಟದಿಂದ ಉರುಳಿದ್ರೂ ಚಿಂತೆ ಇಲ್ಲ,” ಎಂದು ಅವರು ಮೀಸೆ ತಿರುವಿದರು.

ಅವರಿಗೆ ಒಬ್ಬಳೇ ಮಗಳು, ಇಂಚರಾ. ಮುಂದಿನ ವರ್ಷ ಅವಳು ಹೈಸ್ಕೂಲಿಗೆ ಸೇರಿದಳು. ಹೈಸ್ಕೂಲು ಕೆರೆಯ ಆಚೆ ದಡದಲ್ಲಿತ್ತು. ಅಪ್ಪ ಬಿದ್ದ ಅದೇ ಇಳಿಜಾರಿನಲ್ಲಿ, ಟ್ರ್ಯಾಕ್ಟರುಗಳ ನಡುವೆ, ಇನ್ನು ಮೇಲೆ ದಿನಾ ಅವಳು ಸೈಕಲ್ ತುಳಿಯಬೇಕಾಗಿತ್ತು. ಹುಲ್ಲಿನ ರಾಶಿಯನ್ನು ಅದರ ಮಾಲೀಕ ಎಂದೋ ಗಾಡಿಗೆ ತುಂಬಿಕೊಂಡು ಹೋಗಿದ್ದ.

ಒಂದು ದಿನ ಅವಳು ಅಪ್ಪನ ಹೆಲ್ಮೆಟ್ಟಿನ ಒಳಗನ್ನು ತೋರಿಸಿ ಹೇಳಿದಳು. “ಅಪ್ಪ, ಒಳಗಡೆ ಥರ್ಮಾಕೋಲ್ ಥರದ್ದು ಇದೆಯಲ್ಲ, ಏಟು ನುಂಗೋದು ಅದು. ಒಂದು ಸಲ ನುಂಗಿ ಅಪ್ಪಚ್ಚಿ ಆದ್ರೆ ಮತ್ತೆ ಉಬ್ಬಲ್ಲ.”

“ಉಬ್ಬೋದಕ್ಕೆ ಅದೇನು ಇಡ್ಲಿನಾ?”

“ಜೋರಾಗಿ ಒಂದು ಏಟು ಬಿದ್ರೆ ಬದಲಾಯಿಸಿ ಅಂತ ಕಂಪನಿಯವರೇ ಬರೆದಿದಾರೆ.”

“ಬರೀದೆ ಇರ್ತಾರಾ? ವ್ಯಾಪಾರ ಕಣಮ್ಮ ಅದು. ಕಾವಲಿ ಮಾಡೋನನ್ನ ಕೇಳು, ವರ್ಷಕ್ಕೊಂದು ಕಾವಲಿ ತಗೊಳ್ಳಿ ಅಂತಾನೆ. ನಾನು ಕೇಳಿದ್ನಾ?” ಎಂದು ಅಚ್ಯುತಯ್ಯ ಮಗಳ ತಲೆ ಸವರಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ದೊಡ್ಡ ಸುದ್ದಿ ಹೇಳಿದರು. “ನಮ್ಮಪ್ಪ ನನಗೆ ಕಾವಲಿ ಕೊಟ್ಟುಹೋದ. ನಿನ್ನ ಹುಟ್ಟುಹಬ್ಬಕ್ಕೆ ನಾನು ಈ ಹೆಲ್ಮೆಟ್ ಕೊಡ್ತೀನಿ. ನನ್ನ ಜೀವ ಉಳಿಸಿದ್ದು ನಿನ್ನನ್ನೂ ಕಾಪಾಡ್ಲಿ. ತಲೆಗೆ ಸ್ವಲ್ಪ ಸಡಿಲ ಆಗ್ಬಹುದು, ಒಳಗೊಂದು ಕರ್ಚೀಫ್ ಮಡಚಿಟ್ಕೊಂಡ್ರೆ ಆಯ್ತು.”

ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಆ ಮನುಷ್ಯ ಜಿಪುಣನಲ್ಲ. ಮಗಳು ಕೇಳಿದ್ದರೆ ಹತ್ತು ಹೊಸ ಹೆಲ್ಮೆಟ್ಟು ತರುತ್ತಿದ್ದರು. ತಮ್ಮಲ್ಲಿದ್ದ ಅತ್ಯಂತ ಬೆಲೆಬಾಳುವ ವಸ್ತುವನ್ನೇ ಕೊಡುತ್ತಿದ್ದೇನೆ ಎಂದು ಅವರು ಮನಸಾರೆ ನಂಬಿದ್ದರು. ಪ್ರೀತಿಗೆ ಬುದ್ಧಿ ಹೇಳುವುದು ಜಿಪುಣತನಕ್ಕೆ ಹೇಳುವುದಕ್ಕಿಂತ ಕಷ್ಟ.

ಇಂಚರಾ ಅಡುಗೆಮನೆಗೆ ಬಂದು ಅಮ್ಮನಿಗೆ ಮೆಲ್ಲಗೆ ಹೇಳಿದಳು. “ಅಪ್ಪ ಅಷ್ಟು ಆಸೆಯಿಂದ ಕೊಡ್ತಿದಾರೆ. ಬೇಜಾರು ಮಾಡೋದು ಬೇಡ, ಅದನ್ನೇ ಹಾಕ್ಕೋತೀನಿ ಬಿಡಮ್ಮ.”

ಗಂಡನ ಹಟಕ್ಕಿಂತ ಮಗಳ ಒಳ್ಳೆಯತನಕ್ಕೇ ಪದ್ದಕ್ಕ ಹೆದರಿದರು. ಇಳಿಜಾರು ಕಣ್ಣಿಗೆ ಕಟ್ಟಿತು. ಬಾಯಲ್ಲಿ ಹೇಳಿದರೆ ಈ ಮನುಷ್ಯನ ಕಿವಿಗೆ ಇಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೆ ಅಡುಗೆಯವನಿಗೆ ಯಾವ ದಾರಿಯಲ್ಲಿ ಬುದ್ಧಿ ಇಳಿಯುತ್ತದೆ ಎಂಬುದೂ ಗೊತ್ತಿತ್ತು.

ಹುಟ್ಟುಹಬ್ಬದ ಹಿಂದಿನ ದಿನ ಪದ್ದಕ್ಕ ಗಂಡನಿಗೆ ಬಾಳೆಲೆಯಲ್ಲಿ ಊಟ ಬಡಿಸಿದರು. “ಏನೇ ವಿಶೇಷ?” ಎಂದರೆ, “ನಾಳೆಗೆ ತಂದ ಎಲೆ ಒಂದು ಜಾಸ್ತಿ ಇತ್ತು,” ಎಂದರು. ಅಚ್ಯುತಯ್ಯ ಬಸ್ಸಾರು, ಪಲ್ಯ ಸೊರಸೊರ ಉಂಡು, ಎಲೆ ಮಡಚಿ, ತೇಗಿ ಎದ್ದರು.

ಮರುದಿನ ಮಧ್ಯಾಹ್ನ ನಡುಮನೆಯಲ್ಲಿ ಮೂರು ಎಲೆ ಬಿದ್ದವು. ಹೋಳಿಗೆ ಬೆಂದ ವಾಸನೆ ಮನೆ ತುಂಬಿತ್ತು. ದೇವರ ಮುಂದೆ ಒಂದು ತಟ್ಟೆಯಲ್ಲಿ, ಕುಂಕುಮ ಇಟ್ಟುಕೊಂಡು, ಎಣ್ಣೆ ಸುರಿಸುತ್ತಾ ಹೆಲ್ಮೆಟ್ಟು ಕೂತಿತ್ತು. ಊಟವಾದ ಮೇಲೆ ಅದರ ಪಟ್ಟಾಭಿಷೇಕ.

ಇಂಚರಾ ತನ್ನ ಎಲೆಗೆ ನೀರು ಚಿಮುಕಿಸಿದಳು. ಪಕ್ಕದಲ್ಲೇ ಕೂತಿದ್ದ ಅಚ್ಯುತಯ್ಯನವರ ಮೂಗು ಅರಳಿತು. ಆಮೇಲೆ ಕಣ್ಣೂ ಅರಳಿತು.

“ಏನೇ ಇದು? ಮಗಳ ಎಲೆ ನಡುವೆ ಮಡಚಿದ ಗೆರೆ ಇದೆ!”

“ಹೌದು,” ಎಂದರು ಪದ್ದಕ್ಕ, ಉಪ್ಪು ಬಡಿಸಲು ಬಗ್ಗುತ್ತಾ.

“ಎಣ್ಣೆ ಬೇರೆ ಮೆತ್ತಿದೆ!”

“ಅರ್ಧ ಈರುಳ್ಳೀಲಿ ಉಜ್ಜಿದೀನಿ.”

“ಯಾರೇ ಇದರಲ್ಲಿ ಉಂಡಿದ್ದು?”

“ನೀವೇ. ನಿನ್ನೆ. ಚೆನ್ನಾಗಿ ತೊಳೆದು ಒರೆಸಿಟ್ಟೆ. ಎಲ್ಲೂ ಹರಿದಿಲ್ಲ, ತೂತಿಲ್ಲ, ಹೆಂಗೆ ಹೊಳೀತಿದೆ ನೋಡಿ. ಹೊಸ ಎಲೆ ಆದ್ರೆ ಸಾರು ಹರಿದು ಹೋಗುತ್ತೆ. ಇದು ಒಂದು ಊಟಕ್ಕೆ ಪಳಗಿದೆ.”

ಅಚ್ಯುತಯ್ಯ ಎದ್ದು ನಿಂತರು. ಹೋಟೆಲಿನ ಇಷ್ಟು ವರ್ಷದ ಬೈಗುಳವೆಲ್ಲ ಒಟ್ಟಿಗೆ ಗಂಟಲಿಗೆ ಬಂದು ಯಾವುದು ಮೊದಲು ಹೊರಡಬೇಕೆಂದು ನೂಕಾಡಿತು.

“ತಲೆ ಕೆಟ್ಟಿದೆಯೇನೇ ನಿಂಗೆ! ಎಲೆ ಎಲ್ಲಾದ್ರೂ ಪಳಗುತ್ತಾ? ಎಲೆ ಅನ್ನೋದು ಒಂದು ಊಟಕ್ಕೆ. ಉಂಡ ಮೇಲೆ ಅದರ ಕೆಲಸ ಮುಗೀತು. ಹೊರಗೆ ಎಷ್ಟು ತೊಳೆದ್ರೂ ಎಂಜಲು ಎಂಜಲೇ! ನಾನು ಉಂಡು ಬಿಟ್ಟ ಎಲೇನ, ಹುಟ್ಟುಹಬ್ಬದ ದಿನ, ಹೆತ್ತ ಮಗಳ ಮುಂದೆ ಹಾಕ್ತೀಯಲ್ಲ, ನೀನು ತಾಯಿನಾ?”

ಪದ್ದಕ್ಕ ಉಪ್ಪಿನ ಬಟ್ಟಲು ಕೆಳಗಿಟ್ಟರು. ದೇವರ ಮುಂದಿನ ತಟ್ಟೆಯತ್ತ ನೋಡಿದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅವರ ದನಿ ನಡುಗಿತು.

“ಅದೂ ನೀವು ಉಂಡು ಬಿಟ್ಟ ಎಲೇನೇ ಅಲ್ವೇನ್ರೀ? ನಿಮ್ಮ ತಲೆಗೆ ಬೀಳ್ಬೇಕಾದ ಏಟನ್ನ ಅದು ಅವತ್ತೇ ಉಂಡುಬಿಡ್ತು. ಅದರ ಊಟ ಮುಗೀತು. ಎಣ್ಣೆ ಹಚ್ಚಿದ್ರೆ ಇನ್ನೊಂದು ಏಟು ಉಣ್ಣುತ್ತಾ? ಎಂಜಲೆಲೇಲಿ ಉಂಡ್ರೆ ನನ್ನ ಮಗಳು ಸಾಯಲ್ಲ ರೀ. ಆ ಟೋಪಿ ಹಾಕ್ಕೊಂಡು ಆ ಇಳಿಜಾರಲ್ಲಿ ಬಿದ್ರೆ?”

ಅಚ್ಯುತಯ್ಯ ಮೆಲ್ಲಗೆ ಕೂತರು. ಆದರೆ ಗಂಡಸು ನೋಡಿ, ಸೋತರೂ ಮೀಸೆ ಮಣ್ಣಾಗಬಾರದು. “ಹಂಗಾದ್ರೆ ಬೀಳದೇ ಇದ್ದಿದ್ರೆ ಕೊನೇವರೆಗೂ ಇಟ್ಕೋಬಹುದಿತ್ತು, ಅಲ್ವಾ?” ಎಂದರು.

“ಉಣ್ಣದೇ ಇಟ್ಟ ಎಲೆ ಹಸಿರಾಗೇ ಇರುತ್ತಾ? ಬಿಸಿಲಿಗೆ ಬಾಡುತ್ತೆ, ಒಣಗುತ್ತೆ, ಮುಟ್ಟಿದ್ರೆ ಸೀಳುತ್ತೆ. ಅದಕ್ಕೂ ಒಂದು ಕಾಲ ಅಂತ ಇದೆ,” ಎಂದರು ಪದ್ದಕ್ಕ.

ಅಚ್ಯುತಯ್ಯ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಬಾರಿಗೆ ಅದರ ಒಳಗನ್ನು ಗಮನವಿಟ್ಟು ನೋಡಿದರು. ಅಂಟಿಸಿದ್ದ ಮೆತ್ತೆಯನ್ನು ಕಿತ್ತರು. ಹೊರಗೆ ಬರೀ ತರಚು ಇದ್ದ ಜಾಗದಲ್ಲಿ ಒಳಗೆ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಒಂದು ತುಂಡು ಹಪ್ಪಳದ ಹಾಗೆ ಮುರಿದು ಕೈಗೆ ಬಂತು.

ಎಮ್ಮೆಗೆ ಗುದ್ದಿ ಬಿದ್ದಾಗಲೂ ಆಗದ ಹೆದರಿಕೆ ಈಗ ಆಯಿತು. ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡಿದ್ದ ಮಗಳ ತಲೆಯನ್ನು ನೋಡಿದರು. ಆ ತಲೆಯ ಮೇಲೆ ತಾನು ಏನನ್ನು ಇಡಲು ಹೊರಟಿದ್ದೆ ಎಂದು ನೆನೆದು ಮುಖ ಮುಚ್ಚಿಕೊಂಡರು.

ಅಷ್ಟರಲ್ಲಿ ಹೂವು ಕೊಡಲು ಬಂದಿದ್ದ ನಂಜುಂಡಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಅರ್ಧಂಬರ್ಧ ಕೇಳಿಸಿಕೊಂಡಿದ್ದ. “ಸ್ವಾಮಿ, ಬ್ಯಾಡ ಅಂದ್ರೆ ನಂಗೆ ಕೊಡಿ. ನಾನೂ ಸೈಕಲಲ್ಲೇ ಓಡಾಡೋದು. ಏನೂ ಇಲ್ದೇ ಇರೋದಕ್ಕಿಂತ ವಾಸಿ,” ಎಂದ.

“ನನ್ನ ಮಗಳಿಗೆ ಹಾಕಬಾರದ ಎಲೇನ ನಿನ್ನ ಮುಂದೆ ಹಾಕ್ಲೇನಪ್ಪಾ?” ಎಂದರು ಅಚ್ಯುತಯ್ಯ. “ಇವಳಿಗೆ ಹೊಸದು ತರೋವಾಗ ನಿಂಗೂ ಒಂದು ತರ್ತೀನಿ, ಹೋಗು.” ಈಳಿಗೆಮಣೆ ಎಳೆದುಕೊಂಡು, ತಿಪ್ಪೆಯಿಂದ ಎತ್ತಿಕೊಂಡು ಬೇರೆ ಯಾರೂ ಹಾಕಿಕೊಳ್ಳದಿರಲಿ ಎಂದು ಹೆಲ್ಮೆಟ್ಟಿನ ಪಟ್ಟಿಯನ್ನು ಕಚಕಚನೆ ಕತ್ತರಿಸಿದರು. ಆಮೇಲೆ ಮಗಳಿಗೆ ತಾವೇ ಹೊಸ ಎಲೆ ಹಾಕಿ ಹೋಳಿಗೆ ಬಡಿಸಿದರು.

ನಂಜುಂಡಿಗೆ, ತಮಗೆ, ಮಗಳಿಗೆ ಒಂದೊಂದು ಹೊಸ ಹೆಲ್ಮೆಟ್ಟು ಬಂತು. ಮಗಳದ್ದು ಅವಳ ತಲೆಗೆ ಅಳತೆ ನೋಡಿ ತಂದದ್ದು, ಕರ್ಚೀಫು ಬೇಕಾಗಲಿಲ್ಲ. ಮಾರನೇ ಬೆಳಗ್ಗೆ ಅಚ್ಯುತಯ್ಯ ಅಭ್ಯಾಸಬಲದಿಂದ ಅರ್ಧ ಈರುಳ್ಳಿ ಹಿಡಿದು ಅದರ ಹತ್ತಿರ ಹೋದರು. ತಾಯಿ ಮಗಳು ಇಬ್ಬರೂ ಕಿರುಚಿದ ಕಿರುಚಿಗೆ ಈರುಳ್ಳಿ ಕೈಯಿಂದ ಬಿತ್ತು. ಅಂದಿನಿಂದ ಬೀದಿನಾಯಿಗಳು ಅವರನ್ನು ಮಾತಾಡಿಸುವುದನ್ನೇ ಬಿಟ್ಟವು.

ದಸರಾ ರಜೆ ಮುಗಿದ ವಾರ. ಒಂದು ಸಂಜೆ ಇಂಚರಾ ಸೈಕಲ್ ತಳ್ಳಿಕೊಂಡು ಮನೆಗೆ ಬಂದಳು. ಮೊಣಕೈ ತರಚಿತ್ತು, ಲಂಗಕ್ಕೆ ಕೆಂಪು ಮಣ್ಣು ಮೆತ್ತಿತ್ತು. ಕೆರೆ ಏರಿಯಲ್ಲಿ ಮರಳಿನ ಮೇಲೆ ಚಕ್ರ ಜಾರಿ ರಸ್ತೆಗೆ ಬಿದ್ದಿದ್ದಳು. ಅಪ್ಪ ಓಡಿಬಂದು ತಲೆಯನ್ನೆಲ್ಲ ತಡವಿ ನೋಡಿದರು.

“ನನಗೇನೂ ಆಗಿಲ್ಲ ಅಪ್ಪ. ಹೆಲ್ಮೆಟ್ಟಿಗೂ ಬರೀ ಒಂದು ಗೀಚು ಅಷ್ಟೇ. ಇನ್ನೂ ಹೊಸದೇ,” ಎಂದಳು ಇಂಚರಾ.

“ತಲೆ ರಸ್ತೆಗೆ ಬಡೀತಾ?”

“ಹೂಂ. ಜೋರಾಗೇ ಬಡೀತು.”

ಅಚ್ಯುತಯ್ಯ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಒತ್ತಿಕೊಂಡರು. ಒಳಗಿದ್ದ ಹೆಂಡತಿಗೆ ಕೇಳುವಂತೆ ಕೂಗಿದರು.

“ಪದ್ದೂ, ಈಳಿಗೆಮಣೆ ತಗೊಂಡ್ಬಾರೇ. ಇದರ ಊಟ ಆಯ್ತು. ಎಲೆ ಎತ್ತಬೇಕು.”

ನೀತಿ: ಪಳಗಿದಷ್ಟೂ ಮೇಲಾಗುವ ವಸ್ತುಗಳಿವೆ, ಒಂದೇ ಸಲ ದುಡಿದು ಮುಗಿಯುವ ವಸ್ತುಗಳೂ ಇವೆ. ಯಾವುದು ಕಾವಲಿ, ಯಾವುದು ಎಲೆ ಎಂದು ತಿಳಿದವನೇ ಜಾಣ. ನಿಮ್ಮ ತಲೆಯ ಏಟನ್ನು ತಾನು ತಿಂದ ಹೆಲ್ಮೆಟ್ಟಿಗೆ ಕೈ ಮುಗಿದು ಬೀಳ್ಕೊಡಿ. ಬಿಸಿಲಲ್ಲಿ ಬಾಡಿ ಹಳತಾದದ್ದನ್ನೂ ಕಳಿಸಿಕೊಡಿ. ಅದರ ಋಣ ತೀರಿಸಬೇಕೆಂದಿದ್ದರೆ, ಅದು ಉಳಿಸಿಕೊಟ್ಟ ತಲೆಯನ್ನು ಉಪಯೋಗಿಸಿ.